ಸಮೀಪದೃಷ್ಟಿ ದೋಷದ ಶಸ್ತ್ರಚಿಕಿತ್ಸೆ: ಐತಿಹ್ಯ ಮತ್ತು ಅಧ್ಯಯನ

ಆಧುನಿಕ ವೈದ್ಯಕೀಯವೂ ತನ್ನದೇ ಆದ ಐತಿಹ್ಯಗಳನ್ನು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಸಮೀಪದೃಷ್ಟಿ ದೋಷದ ಶಸ್ತ್ರಚಿಕಿತ್ಸೆ ಒಂದು ನಿದರ್ಶನ. 1970ರ ದಶಕದಲ್ಲಿ ಮಾಸ್ಕೋದ ನೇತ್ರತಜ್ಞ ಸ್ವ್ಯಾತೊಸ್ಲಾವ್ ಫ್ಯೋದೊರೊವ್ ಅವರಲ್ಲಿಗೆ ಬಂದ ಬಾಲಕನೊಬ್ಬನ ಕಥೆ ಪ್ರಸಿದ್ಧವಾದುದು. ಕನ್ನಡಕ ಒಡೆದು ಚೂರು ಕಣ್ಣಿಗೆ ಹೊಕ್ಕಿತು. ಗಾಯ ಮಾಗಿದಾಗ ದೃಷ್ಟಿ ಮೊದಲಿಗಿಂತ ಸ್ಪಷ್ಟವಾಯಿತು. ಸೈಕಲ್ಲಿನಿಂದ ಬಿದ್ದನೆಂದೂ ಜಗಳದಲ್ಲಿ ಪೆಟ್ಟಾಯಿತೆಂದೂ ಪಾಠಾಂತರಗಳಿವೆ. ಕೇಡೇ ವರವಾಗುವ ಈ ಆಶಯ ಜನಪದ ಕಥನಕ್ಕೆ ಹೊಸದಲ್ಲ.

ಆದರೆ ಕಾರ್ನಿಯಾವನ್ನು ಗೀರಿ ಅದರ ನಡುಭಾಗವನ್ನು ಚಪ್ಪಟೆಗೊಳಿಸುವ ವಿಧಾನ ಈ ಕಥೆಗಿಂತ ಹಳೆಯದು. ಜಪಾನಿನ ತ್ಸುತೊಮು ಸಾಟೊ 1930ರ ದಶಕದಲ್ಲಿಯೇ ಅದನ್ನು ಆರಂಭಿಸಿದ್ದರು. ಅವರು ಒಳಮೈಯನ್ನೂ ಕೊಯ್ದುದರಿಂದ ಅಲ್ಲಿನ ಜೀವಕೋಶಗಳು ನಾಶವಾಗಿ, ಅನೇಕರ ಕಣ್ಣುಗಳು ವರ್ಷಗಳ ತರುವಾಯ ಮಸುಕಾದವು. ಫ್ಯೋದೊರೊವ್ ಹೊರಮೈಯಲ್ಲಿ ಮಾತ್ರ ಚಕ್ರದ ಅರಗಳಂತೆ ಗೀರಿದರು.

ಈ ವಿಧಾನವನ್ನು ಅಮೆರಿಕದ ಬಹುಕೇಂದ್ರ ಅಧ್ಯಯನವೊಂದು 10 ವರ್ಷಗಳ ಕಾಲ ಪರಿಶೀಲಿಸಿತು. 1994ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಬಹುಪಾಲು ಜನರ ದೃಷ್ಟಿ ಸುಧಾರಿಸಿತ್ತಾದರೂ, ಶೇ. 43ರಷ್ಟು ಕಣ್ಣುಗಳು ಆರನೆಯ ತಿಂಗಳಿನಿಂದ ಹತ್ತನೆಯ ವರ್ಷದೊಳಗೆ 1 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ದೂರದೃಷ್ಟಿ ದೋಷದತ್ತ ಸರಿದಿದ್ದವು. ಗಾಯ ಮಾಗಿದಲ್ಲಿಗೆ ಐತಿಹ್ಯ ಮುಗಿಯುತ್ತದೆ. ಮಾಗಿದ ಬಳಿಕ ಆಗುವುದನ್ನು ತಿಳಿಯಲು ದೀರ್ಘಕಾಲದ ಅಧ್ಯಯನವೇ ಬೇಕಾಗುತ್ತದೆ.