‘ಎನಿ’ ಎಂಬ ಪುಟ್ಟ ಪದ

ಪ್ರಶ್ನೆಪತ್ರಿಕೆಯಲ್ಲಿ ‘ಆನ್ಸರ್ ಎನಿ ಫೋರ್’ ಎಂದಿದ್ದರೆ ಅದರ ಅರ್ಥವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಯಾವುದಾದರೂ ನಾಲ್ಕು. ಆದರೆ ‘ಐ ಡೋಂಟ್ ಹ್ಯಾವ್ ಎನಿ ಮನಿ’ ಎಂಬ ವಾಕ್ಯವನ್ನು ‘ನನ್ನ ಬಳಿ ಯಾವುದಾದರೂ ಹಣವಿಲ್ಲ’ ಎಂದು ಅನುವಾದಿಸಿದರೆ ನಗೆಪಾಟಲು. ಅಲ್ಲಿ ‘ಎನಿ’ ಎಂದರೆ ‘ಸ್ವಲ್ಪವೂ’.

ಕನ್ನಡದಲ್ಲಿ ಇಂಥ ಅರ್ಥವ್ಯತ್ಯಾಸಗಳನ್ನು ಪದದ ಬಾಲವೇ ತೋರಿಸುತ್ತದೆ. ‘ಯಾರೋ ಬಂದರು’ ಎಂದರೆ ಬಂದದ್ದು ನಿಜ, ಬಂದವರು ಯಾರೆಂದು ತಿಳಿಯದು. ಇದು ಇಂಗ್ಲಿಷಿನ ‘ಸಮ್‌ಬಡಿ’. ‘ಯಾರಾದರೂ ಬಂದರೆ’ ಎನ್ನುವಾಗ ಬರುವುದೇ ಖಚಿತವಿಲ್ಲ. ‘ಯಾರೂ’ ಎಂದೊಡನೆ ಸಾಮಾನ್ಯವಾಗಿ ಕೊನೆಗೊಂದು ‘ಇಲ್ಲ’ವನ್ನು ನಿರೀಕ್ಷಿಸುತ್ತೇವೆ. ‘ಯಾರು ಬೇಕಾದರೂ ಬರಬಹುದು’ ಎಂದರೆ ಬಾಗಿಲು ಎಲ್ಲರಿಗೂ ತೆರೆದಿದೆ. ಈ ಕೊನೆಯ ಮೂರಕ್ಕೂ ಇಂಗ್ಲಿಷಿನಲ್ಲಿ ‘ಎನಿಬಡಿ’ ಒಂದೇ ಸಾಕು. ಯಾವ ಅರ್ಥವೆಂಬುದನ್ನು ಸುತ್ತಲಿನ ವಾಕ್ಯ ಹೇಳಬೇಕು. ಈ ವಿಷಯದಲ್ಲಿ ನಮ್ಮ ಭಾಷೆಯೇ ಹೆಚ್ಚು ಸ್ಪಷ್ಟ!

ನಮ್ಮವರು ಎಡವುವುದು ಪದಗಳ ಕ್ರಮದಲ್ಲಿ. ‘ಯಾರೂ ಬರಲಿಲ್ಲ’ ಎನ್ನುವಲ್ಲಿ ‘ಯಾರೂ’ ಮೊದಲು, ‘ಇಲ್ಲ’ ಕೊನೆಗೆ. ಅದೇ ಕ್ರಮದಲ್ಲಿ ‘ಎನಿಬಡಿ ಡಿಡ್ ನಾಟ್ ಕಮ್’ ಎಂದು ಬರೆದರೆ ತಪ್ಪಾಗುತ್ತದೆ. ಇಂಗ್ಲಿಷಿನಲ್ಲಿ ನಿಷೇಧದ ಪದ ಮೊದಲು, ‘ಎನಿ’ ಆಮೇಲೆ. ‘ಐ ಡಿಡ್ ನಾಟ್ ಸೀ ಎನಿಬಡಿ’ ಸರಿ. ವಾಕ್ಯದ ಮೊದಲಲ್ಲೇ ಕರ್ತೃವಾಗಿ ಬರಬೇಕಾದಾಗ ‘ನೋಬಡಿ ಕೇಮ್’ ಎನ್ನಬೇಕು.

ಪ್ರಶ್ನೆಗಳಲ್ಲಿ ‘ಎನಿ’ಯೇ ಹೆಚ್ಚು. ಆದರೂ ಮನೆಗೆ ಬಂದವರಿಗೆ ‘ವುಡ್ ಯು ಲೈಕ್ ಸಮ್ ಕಾಫಿ?’ ಎಂದು ಕೇಳುವುದೇ ವಾಡಿಕೆ. ‘ಹೂಂ’ ಎನ್ನಲಿ ಎಂಬ ಆಸೆ ಆ ‘ಸಮ್’ನಲ್ಲಿದೆ.

ಈ ಪುಟ್ಟ ಪದದ ತೂಕ ತಿಳಿಯಬೇಕಾದರೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಇಂಗ್ಲಿಷ್ ಪಾಠವನ್ನು ತೆರೆದು ನೋಡಿ. ಕಾನೂನಿನ ಮುಂದೆ ಸಮಾನತೆಯನ್ನು ‘ಎನಿ ಪರ್ಸನ್’ಗೆ ನಿರಾಕರಿಸಕೂಡದೆಂದು 14ನೆಯ ವಿಧಿ ಸರ್ಕಾರಕ್ಕೆ ಹೇಳುತ್ತದೆ. ಇದನ್ನು ‘ಯಾರೋ ಒಬ್ಬರಿಗೆ’ ಎಂದು ಓದಿದರೆ ಉಳಿದವರ ಗತಿಯೇನು? ಮೊದಲೇ ‘ನಾಟ್’ ಬಂದಿರುವುದರಿಂದ ಅದರ ಅರ್ಥ ‘ಯಾವೊಬ್ಬ ವ್ಯಕ್ತಿಗೂ’ ಎಂದು. ತಾರತಮ್ಯವನ್ನು ನಿಷೇಧಿಸುವ 15ನೆಯ ವಿಧಿಯಲ್ಲಿ ‘ಎನಿ ಸಿಟಿಜನ್’ ಎಂದಿದೆ; ಅದು ನಾಗರಿಕರಿಗೆ ಮಾತ್ರ. 14ನೆಯ ವಿಧಿಯ ರಕ್ಷಣೆಯಾದರೋ ನಮ್ಮ ನೆಲದಲ್ಲಿರುವ ವಿದೇಶೀಯರಿಗೂ ಸಲ್ಲುತ್ತದೆ.