ಹಿಮದಡಿಯ ಹಿತ್ತಲು ಸತ್ತಿಲ್ಲ

ಜನವರಿಯಲ್ಲಿ ಸಾಗರದಿಂದ ಅಮ್ಮ ವಿಡಿಯೊ ಕಾಲ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಮಾತು: "ಏನೋ ಇದು, ನಿನ್ನ ಹಿತ್ತಲೆಲ್ಲ ಸತ್ತೇ ಹೋಯ್ತಲ್ಲೋ?" ಕಿಟಕಿಯಾಚೆ ಅವಳಿಗೆ ಕಾಣುವುದು ಬರೀ ಬಿಳುಪು. ಮಿನಿಯಾಪೊಲಿಸ್ ಪಕ್ಕದ ನಮ್ಮ ಊರಲ್ಲಿ ನವೆಂಬರಿನಲ್ಲಿ ಕೂತ ಹಿಮ ಕೆಲವು ವರ್ಷ ಏಪ್ರಿಲ್‌ವರೆಗೂ ಕರಗುವುದಿಲ್ಲ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಅನೇಕರೂ ಅಮ್ಮನಂತೆಯೇ ಯೋಚಿಸುತ್ತಾರೆ. ಹಿಮಕ್ಕಿಂತ ಆ ಯೋಚನೆಗೇ ಹೆಚ್ಚು ಗಿಡಗಳು ಬಲಿಯಾಗುವುದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಹಿಮ ಬಿದ್ದರೆ ಗಿಡ ಸಾಯುತ್ತದೆ

ನಮ್ಮ ಮಲೆನಾಡಿನ ತೋಟಕ್ಕೆ ಸೊಪ್ಪು, ದರಗು ಹಾಸುತ್ತಾರಲ್ಲ, ಹಿಮ ಇಲ್ಲಿ ಮಾಡುವುದು ಅದೇ ಕೆಲಸ. ಆಗಷ್ಟೇ ಬಿದ್ದ ಹಿಮದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಗಾಳಿಯೇ ಇರುತ್ತದೆ. ಹರಳುಗಳ ನಡುವೆ ಸಿಕ್ಕಿಬಿದ್ದ ಆ ಗಾಳಿ ಅಲುಗುವುದಿಲ್ಲ, ಆದ್ದರಿಂದ ನೆಲದ ಶಾಖ ಹೊರಗೆ ಹೋಗುವುದಿಲ್ಲ. ಉಣ್ಣೆಯ ಕಂಬಳಿ ಬೆಚ್ಚಗಿಡುವುದೂ ಹೀಗೆಯೇ. ಒಂದು ಜನವರಿಯ ಬೆಳಿಗ್ಗೆ ಹೊರಗೆ ಮೈನಸ್ 26 ಡಿಗ್ರಿ ಸೆಲ್ಸಿಯಸ್ ಇತ್ತು. ಬೆಳ್ಳುಳ್ಳಿ ಪಾತಿಯ ಮೇಲಿನ ಒಂದಡಿ ಹಿಮವನ್ನು ಕೈಯಿಂದ ಸರಿಸಿ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದೆ. ಮುಳ್ಳು ನಿಧಾನಕ್ಕೆ ಇಳಿದು ಮೈನಸ್ 1ರಲ್ಲಿ ನಿಂತಿತು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. "ಹಾಗಾದ್ರೆ ಅದು ದರಗೇ ಬಿಡು" ಅಂದಳು.

ಗಿಡ ಹೆದರಬೇಕಾದ್ದು ಹಿಮವಿಲ್ಲದ ಚಳಿಗೆ. 2023-24ರ ಚಳಿಗಾಲ ಮಿನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಎಲ್ಲರೂ ಖುಷಿಪಟ್ಟರು. ಆದರೆ ಹೊದಿಕೆಯಿಲ್ಲದ ಮಣ್ಣು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟುವಾಗ ಮಣ್ಣು ಉಬ್ಬುತ್ತದೆ, ಉಬ್ಬುವಾಗ ಬೇರನ್ನೂ ಮೇಲಕ್ಕೆ ದೂಡುತ್ತದೆ. ಮಾರ್ಚ್‌ನಲ್ಲಿ ನೋಡಿದರೆ ನನ್ನ ಸ್ಟ್ರಾಬೆರಿ ಗಿಡಗಳು ಯಾರೋ ಕಿತ್ತಿಟ್ಟಂತೆ ನೆಲದ ಮೇಲೆ ಬೇರು ಬಿಟ್ಟುಕೊಂಡು ಕೂತಿದ್ದವು. ಅರ್ಧದಷ್ಟು ಉಳಿಯಲಿಲ್ಲ. ಈಗ ಕಾಲುದಾರಿಯಿಂದ ಎತ್ತಿದ ಹಿಮವನ್ನು ನಾನು ಪಾತಿಗಳ ಮೇಲೇ ಹರಡುತ್ತೇನೆ. ರಸ್ತೆಯಂಚಿನ ಹಿಮವನ್ನು ಮಾತ್ರ ಮುಟ್ಟುವುದಿಲ್ಲ, ಅದರಲ್ಲಿ ಉಪ್ಪಿರುತ್ತದೆ.

ತಪ್ಪು ಕಲ್ಪನೆ: ಚಳಿಗಾಲದ ಬಿಸಿಲು ಗಿಡಕ್ಕೆ ಒಳ್ಳೆಯದು

ಇದನ್ನು ಕಲಿತಾಗ ನನಗೆ ಊರಿನ ತೋಟ ಕಣ್ಣಮುಂದೆ ಬಂತು. ನೈರುತ್ಯದ ಬಿಸಿಲು ಹೊಡೆಯುವ ಕಡೆ ಎಳೆ ಅಡಿಕೆ ಮರಗಳಿಗೆ ಹಾಳೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ. ಇಲ್ಲಿ ನವೆಂಬರ್ ಬಂತೆಂದರೆ ಎಳೆ ಸೇಬು, ಮೇಪಲ್ ಮರಗಳ ಕಾಂಡಕ್ಕೆ ಬಿಳಿ ಹೊದಿಕೆ ಸುತ್ತುತ್ತಾರೆ. ಕಾಪಾಡಬೇಕಾದ್ದು ಅದೇ ನೈರುತ್ಯದ ಮೈಯನ್ನು! ಕಾರಣ ಮಾತ್ರ ಬೇರೆ. ಅಲ್ಲಿ ಬಿಸಿಲೇ ಸುಡುತ್ತದೆ. ಇಲ್ಲಿ ಫೆಬ್ರವರಿಯ ಮಧ್ಯಾಹ್ನದ ಬಿಸಿಲು, ಹಿಮದ ಮೇಲಿಂದ ಪುಟಿದು ಬರುವ ಬೆಳಕೂ ಸೇರಿ, ತೊಗಟೆಯನ್ನು ಬೆಚ್ಚಗೆ ಮಾಡಿ ಒಳಗಿನ ಜೀವಕೋಶಗಳನ್ನು ಎಬ್ಬಿಸುತ್ತದೆ. ಸೂರ್ಯ ಮುಳುಗಿದ ಕೂಡಲೇ ಚಳಿ ಅವನ್ನು ಕೊಲ್ಲುತ್ತದೆ. ತೊಗಟೆ ಒಣಗಿ, ಬಿರಿದು, ಕಳಚಿ ಬೀಳುತ್ತದೆ. ನಿತ್ಯಹಸಿರು ಗಿಡಗಳು ಕಂದುಗಟ್ಟುವುದಕ್ಕೂ ಬಹುಪಾಲು ಬಿಸಿಲು, ಗಾಳಿಯೇ ಕಾರಣ. ಎಲೆಯಿಂದ ನೀರು ಆರುತ್ತಲೇ ಇರುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ಹನಿಯೂ ಸಿಗುವುದಿಲ್ಲ. ಅವಕ್ಕೆ ಅಕ್ಟೋಬರಿನಲ್ಲಿ ನೆಲ ಗಟ್ಟಿಯಾಗುವ ಮೊದಲು ಹೊಟ್ಟೆತುಂಬ ನೀರು ಕುಡಿಸಬೇಕು.

ತಪ್ಪು ಕಲ್ಪನೆ: ಈ ಚಳಿಗೆ ಕ್ರಿಮಿಕೀಟ, ಇಲಿ ಎಲ್ಲ ಸಾಯುತ್ತವೆ

ಗಿಡವನ್ನು ಕಾಯುವ ಹೊದಿಕೆ ಅವನ್ನೂ ಕಾಯುತ್ತದೆ. ಜಪಾನಿ ದುಂಬಿಯ ಮರಿಹುಳ ಮಣ್ಣಿನಲ್ಲಿ ಇನ್ನಷ್ಟು ಕೆಳಗಿಳಿದು ಮಲಗುತ್ತದೆ. ವೋಲ್ ಎಂಬ ಮೋಟುಬಾಲದ ಇಲಿ ಮಲಗುವುದೂ ಇಲ್ಲ. ಹಿಮಕ್ಕೂ ನೆಲಕ್ಕೂ ನಡುವಿನ ಸಂದಿಯಲ್ಲಿ ಸುರಂಗ ಮಾಡಿಕೊಂಡು ಚಳಿಗಾಲವಿಡೀ ಓಡಾಡುತ್ತದೆ, ಹಸಿವಾದಾಗ ಸೇಬಿನ ತೊಗಟೆ ಮೇಯುತ್ತದೆ. ಸುತ್ತಲೂ ಉಂಗುರದಂತೆ ತೊಗಟೆ ಹೋದರೆ ಆ ಮರ ಹೋದಂತೆ. ಕಾಲಂಗುಲದ ಕಣ್ಣಿನ ತಂತಿಬಲೆಯನ್ನು ಬುಡಕ್ಕೆ ಸುತ್ತಿ, ಒಂದೆರಡು ಅಂಗುಲ ಮಣ್ಣಿನೊಳಕ್ಕೂ ಇಳಿಸಿದರೆ ಮಾತ್ರ ಉಳಿಗಾಲ.

ತಪ್ಪು ಕಲ್ಪನೆ: ಚಳಿ ಹೆಚ್ಚಾದಷ್ಟೂ ಸೇಬು ಚೆನ್ನಾಗಿ ಬಿಡುತ್ತದೆ

ಸೇಬಿಗೆ ಚಳಿಯ ವಿಶ್ರಾಂತಿ ಬೇಕು, ನಿಜ. ಆದರೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ 0ಯಿಂದ 7 ಡಿಗ್ರಿ ನಡುವಿನ ತಂಪು. ಮೈನಸ್ 25ರಲ್ಲಿ ಆ ಲೆಕ್ಕ ಮುಂದೆ ಹೋಗುವುದಿಲ್ಲ, ಅಲ್ಲಿ ಮರ ಜೀವ ಹಿಡಿದುಕೊಂಡರೆ ಸಾಕು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಯ ಮಿನೆಟೊಂಕಾ ಕೆರೆಯ ದಂಡೆಯಲ್ಲಿ ನೆಲೆಸಿದ ಪೀಟರ್ ಗಿಡಿಯನ್ ನೆಟ್ಟ ಸೇಬಿನ ಗಿಡಗಳು ವರ್ಷ ವರ್ಷವೂ ಸತ್ತವು. ಕೊನೆಗೆ ಬೀಜದಿಂದ ಎಬ್ಬಿಸಿದ ಒಂದು ಗಿಡ ಚಳಿ ತಡೆದು ನಿಂತಿತು. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟ, 'ವೆಲ್ತಿ' ಎಂದು. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಇಂದು ಅಮೆರಿಕದ ಅಂಗಡಿ ಅಂಗಡಿಯಲ್ಲೂ ಸಿಗುತ್ತದೆ. ಬೆಳ್ಳುಳ್ಳಿಗೂ ಚಳಿ ಬೇಕೇ ಬೇಕು. ಅಕ್ಟೋಬರಿನಲ್ಲಿ ಊರಿದ ಎಸಳು ತಂಪು ಉಣ್ಣದಿದ್ದರೆ ಎಸಳು ಒಡೆಯದೆ ಒಂಟಿ ಗೆಡ್ಡೆಯಾಗಿಬಿಡಬಹುದು.

ಇನ್ನು ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಕರಿಬೇವಿನದೇ. ಸೆಪ್ಟೆಂಬರಿನಲ್ಲಿ ಕುಂಡವನ್ನು ಒಳಗೆ ತಂದಿರುತ್ತಾರೆ, ಡಿಸೆಂಬರಿಗೆ ಎಲೆ ಹಳದಿಯಾಗಿ ಉದುರುತ್ತದೆ. ಬಾಯಾರಿರಬೇಕು ಎಂದುಕೊಂಡು ದಿನಾ ಒಂದು ಚೊಂಬು ನೀರು ಹಾಕುತ್ತಾರೆ. ನನ್ನ ಮೊದಲ ಗಿಡವನ್ನು ನಾನೇ ಹಾಗೆ ಕೊಂದೆ. ಕುಂಡ ಬೋರಲು ಹಾಕಿದಾಗ ಬೇರು ಕಪ್ಪಾಗಿ ಕೊಳೆತ ವಾಸನೆ ಬಂದದ್ದು ಇನ್ನೂ ನೆನಪಿದೆ. ಆ ಹೊತ್ತಿನಲ್ಲಿ ಇಲ್ಲಿ ಹಗಲೆಂದರೆ ಒಂಬತ್ತು ಗಂಟೆಗೂ ಕಡಿಮೆ. ಬೆಳಕಿಲ್ಲ, ಕಿಟಕಿ ಪಕ್ಕದ ಮಣ್ಣು ತಣ್ಣಗಿರುತ್ತದೆ, ಹೀಟರಿನ ಗಾಳಿ ಒಣಒಣ. ಗಿಡ ಎಲೆ ಕಳಚಿ ನಿದ್ದೆ ಹೋಗುತ್ತದೆ. ನಿದ್ದೆಯಲ್ಲಿರುವ ಬೇರು ನೀರು ಕುಡಿಯುವುದು ತೀರಾ ಕಡಿಮೆ. ಬೆರಳು ಎರಡು ಗೆಣ್ಣು ಇಳಿಸಿ ಮಣ್ಣು ಒಣಗಿದೆ ಎನಿಸಿದಾಗ ಮಾತ್ರ ಸ್ವಲ್ಪ ನೀರು ಕೊಡಿ. ಗೊಬ್ಬರ ಬೇಡ. ದಕ್ಷಿಣದ ಕಿಟಕಿ ಇದ್ದರೆ ಅಲ್ಲಿಡಿ, ಆದರೆ ಎಲೆ ಗಾಜಿಗೆ ತಾಗದಿರಲಿ.

ಬೋಳು ಕಡ್ಡಿಯಾಗಿ ನಿಂತರೂ ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಚೂರೇ ಕೆರೆದು ನೋಡಿ, ಒಳಗೆ ಹಸಿರು ಕಂಡರೆ ಜೀವವಿದೆ. ಹೋದ ವರ್ಷ ನನ್ನ ಗಿಡ ಎಂಬತ್ತು ದಿನ ಎಲೆಯಿಲ್ಲದೆ ನಿಂತಿತ್ತು. ಹೊರಗೆ ಇನ್ನೂ ಮೊಣಕಾಲುದ್ದ ಹಿಮವಿದ್ದ ಮಾರ್ಚ್‌ನ ಒಂದು ಬೆಳಿಗ್ಗೆ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮಿಶ್ರಿತ ಚಿಗುರು ಕಂಡಿತು. ಅಂದು ನಾನೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ.