ಎಮಿಲಿ ಡಿಕಿನ್ಸನ್: 69 ವರ್ಷ ಕಾದ ಕಾವ್ಯದನಿ

ಅಮೆರಿಕದ ಮೆಸಾಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಪಟ್ಟಣದಲ್ಲಿ 1830ರ ಡಿಸೆಂಬರ್ 10ರಂದು ಜನಿಸಿದ ಎಮಿಲಿ ಡಿಕಿನ್ಸನ್ ರಚಿಸಿದ ಕವಿತೆಗಳು ಸುಮಾರು 1,800. ಆದರೆ ಅವರ ಜೀವಿತಾವಧಿಯಲ್ಲಿ ಅಚ್ಚಾದವು ಹತ್ತು-ಹನ್ನೆರಡು ಮಾತ್ರ. ಅವೂ ಅವರ ಹೆಸರಿಲ್ಲದೆ.

1862ರಲ್ಲಿ ಅವರು ನಾಲ್ಕು ಕವಿತೆಗಳನ್ನು ಲೇಖಕ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಅವರಿಗೆ ಕಳುಹಿಸಿ, ತಮ್ಮ ಪದ್ಯಗಳಲ್ಲಿ ಜೀವವಿದೆಯೇ ಎಂದು ವಿಚಾರಿಸಿದರು. ಪ್ರಕಟಣೆಗೆ ಅವಸರ ಬೇಡವೆಂಬ ಸಲಹೆ ಬಂತು. ಎಮಿಲಿ ಬರವಣಿಗೆ ನಿಲ್ಲಿಸಲಿಲ್ಲ. ಕವಿತೆಗಳನ್ನು ಅಚ್ಚುಕಟ್ಟಾಗಿ ನಕಲು ಮಾಡಿ, 40 ಪುಟ್ಟ ಹೊತ್ತಗೆಗಳಾಗಿ ಹೊಲಿದಿಟ್ಟರು. 1886ರಲ್ಲಿ ಅವರು ನಿಧನರಾದ ಬಳಿಕ ತಂಗಿ ಲವೀನಿಯಾಗೆ ಆ ನಿಧಿ ದೊರೆಯಿತು.

1890ರಲ್ಲಿ ಮೊದಲ ಸಂಕಲನ ಹೊರಬಂದಿತು. ಸಂಪಾದಕರಾದ ಮೇಬಲ್ ಲೂಮಿಸ್ ಟಾಡ್ ಮತ್ತು ಇದೇ ಹಿಗಿನ್ಸನ್ ಪ್ರಾಸಗಳನ್ನು ತಿದ್ದಿದರು, ಶೀರ್ಷಿಕೆಗಳನ್ನು ಸೇರಿಸಿದರು, ಸಾಲುಗಳ ನಡುವಿನ ಅಡ್ಡಗೆರೆಗಳನ್ನು ಅಳಿಸಿದರು. ಪುಸ್ತಕ ಹಲವು ಮುದ್ರಣಗಳನ್ನು ಕಂಡರೂ ಓದುಗರಿಗೆ ದೊರೆತದ್ದು ಪಳಗಿಸಿದ ಎಮಿಲಿ. ಮಾತು ತಡೆದು ನಿಲ್ಲುವ, ಅರ್ಥ ಕವಲೊಡೆಯುವ ತಾಣಗಳೇ ಆ ಅಡ್ಡಗೆರೆಗಳಾಗಿದ್ದವು.

1955ರಲ್ಲಿ ಥಾಮಸ್ ಜಾನ್ಸನ್ ಅವರು ಹಸ್ತಪ್ರತಿಗಳನ್ನು ಆಧರಿಸಿ 1,775 ಕವಿತೆಗಳನ್ನು ಪ್ರಕಟಿಸಿದಾಗಲಷ್ಟೇ ಕವಯಿತ್ರಿಯ ಸ್ವಂತ ದನಿ ಸಮಗ್ರವಾಗಿ ಕೇಳಿಸಿತು. ಅಂದು ದೋಷವೆಂದು ತಿದ್ದಿದ್ದನ್ನೇ ವಿಮರ್ಶಕರು ಇಂದು ಆಧುನಿಕ ಕಾವ್ಯದ ಮುಂಬೆಳಕೆಂದು ಗುರುತಿಸುತ್ತಾರೆ.